ಚಿಂತೆಯೂ ದೇಹವೂ

ಮಗಳ ಲಗ್ನ ಗೊತ್ತಾಗಿದೆ; ಹಣ ಇನ್ನೂ ಕೂಡಿಲ್ಲ. ಗೃಹಸ್ಥನು ನಡುರಾತ್ರಿ ಥಟ್ಟನೆ ಎದ್ದು ಕುಳಿತುಕೊಳ್ಳುವನು. ಎದೆ ಡವಡವನೆ ಹೊಡೆದುಕೊಳ್ಳುತ್ತಿರುವುದು. ಅಂಗೈ ಬೆವತು, ಬಾಯಿ ಒಣಗಿ, ಬೆರಳ ತುದಿಗಳು ಜುಮುಗುಟ್ಟುವುವು. ತನ್ನ ಕಾಲ ಮುಗಿಯಿತೆಂದೇ ಅವನು ಭಾವಿಸುವನು. ಮರುದಿನ ವೈದ್ಯರು ಪರೀಕ್ಷಿಸಿ ಹೃದಯದಲ್ಲಿ ದೋಷವಿಲ್ಲವೆಂದಾಗ ಮನೆಯವರು, "ಏನೂ ಇಲ್ಲವಂತೆ, ಸುಮ್ಮನೆ ಹೆದರಿದಿರಿ" ಎಂದು ನಗುವರು. ಈ ನಗೆ ಉಚಿತವಲ್ಲ. ದೋಷವಿಲ್ಲವೆಂಬುದು ಒಂದು ಮಾತು, ಬಾಧೆಯಿಲ್ಲವೆಂಬುದು ಬೇರೊಂದು.

ಪ್ರಾಚೀನ ವೈದ್ಯರು ಇದನ್ನು ಅರಿಯದವರಲ್ಲ. ಚರಕಸಂಹಿತೆಯು ಅತಿಸಾರವನ್ನು ಆರು ಬಗೆಯಾಗಿ ಎಣಿಸುವಾಗ ಭಯದಿಂದ ಹುಟ್ಟುವುದನ್ನೂ ಶೋಕದಿಂದ ಹುಟ್ಟುವುದನ್ನೂ ಬೇರೆಬೇರೆಯಾಗಿ ಹೇಳಿದೆ. ಹೃದಯವೇ ಮೂಲವಾಗಿ ಉಳ್ಳ ರಸವಹ ಸ್ರೋತಸ್ಸುಗಳು ಅತಿಚಿಂತೆಯಿಂದ ಕೆಡುವುವೆಂದೂ ಅದರಲ್ಲಿದೆ. ಪರೀಕ್ಷೆಯ ಬೆಳಗ್ಗೆ ಮೂರು ಬಾರಿ ಬಯಲಕಡೆಗೆ ಓಡುವ ಹುಡುಗನನ್ನು ಕಂಡವರಿಗೆ ಇದಕ್ಕೆ ವ್ಯಾಖ್ಯಾನ ಬೇಡ.

ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ನನು 1915ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಭಯಕೋಪಗಳು ಬಂದಾಗ ದೇಹವು ಹೋರಾಡಲು ಇಲ್ಲವೆ ಓಡಲು ಅಣಿಯಾಗುವ ಬಗೆಯನ್ನು ವಿವರಿಸಿದನು. ಮೂತ್ರಪಿಂಡಗಳ ಮೇಲಿರುವ ಸಣ್ಣ ಗ್ರಂಥಿಗಳಿಂದ ಅಡ್ರಿನಲಿನ್ ಎಂಬ ದ್ರವ್ಯವು ರಕ್ತಕ್ಕೆ ಸೇರುವುದು. ಹೃದಯ ವೇಗವಾಗಿ ಬಡಿಯುವುದು. ರಕ್ತವು ಹೊಟ್ಟೆಯನ್ನು ಬಿಟ್ಟು ಕೈಕಾಲುಗಳ ಸ್ನಾಯುಗಳಿಗೆ ಹರಿಯುವುದು. ಹುಲಿ ಎದುರಾದರೆ ಇದೆಲ್ಲ ಉಪಕಾರವೇ. ಸಾಲದ ಪತ್ರವು ಹುಲಿಯಲ್ಲ, ಅದರಿಂದ ಓಡುವಂತೆಯೂ ಇಲ್ಲ. ದೇಹವು ಮಾತ್ರ ಆ ಭೇದವನ್ನರಿಯದು. ಬೆರಳ ಜುಮುಜುಮು, ತಲೆಸುತ್ತು ಇವು ಬಹುಮಟ್ಟಿಗೆ ಅತಿವೇಗದ ಉಸಿರಿನಿಂದ ಬರುವಂಥವು. ಆಗ ರಕ್ತದಲ್ಲಿರಬೇಕಾದ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುವುದು. ಉಸಿರು ಸಾಲದೆಂದು ಮತ್ತಷ್ಟು ಜೋರಾಗಿ ಎಳೆದರೆ ಬಾಧೆ ಹೆಚ್ಚುವುದೇ ಹೊರತು ಇಳಿಯದು. ನಿಧಾನವಾಗಿ, ದೀರ್ಘವಾಗಿ ಹೊರಬಿಡಬೇಕು. ಇಂಥ ಹಠಾತ್ ಭಯವು ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿಗೇರಿ ಅನಂತರ ತಗ್ಗುವುದು.

ಹಾಗೆಂದು ಎದೆನೋವೆಲ್ಲವನ್ನೂ ಚಿಂತೆಯ ತಲೆಗೆ ಕಟ್ಟುವುದು ಅಪಾಯ. ಮೊದಲ ಬಾರಿ ಎದೆ ಹಿಂಡಿದಾಗ, ನೋವು ತೋಳಿಗೋ ದವಡೆಗೋ ಹಬ್ಬಿದಾಗ, ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು. ಥೈರಾಯ್ಡ್ ಗ್ರಂಥಿಯ ವಿಕಾರದಲ್ಲಿಯೂ ರಕ್ತಹೀನತೆಯಲ್ಲಿಯೂ ಎದೆ ಹೀಗೆಯೇ ಬಡಿಯುವುದುಂಟು. ಅವೆಲ್ಲ ಇಲ್ಲವೆಂದು ತಿಳಿದ ಮೇಲೂ ಬಾಧೆ ಮರಳಿ ಮರಳಿ ಬರುತ್ತಿದ್ದರೆ ಮನೋವೈದ್ಯರಲ್ಲಿಗೆ ಹೋಗಲು ನಾಚಬೇಕಾದುದಿಲ್ಲ. ಮಾತುಕತೆಯ ಚಿಕಿತ್ಸೆಯಿಂದಲೂ ಔಷಧದಿಂದಲೂ ಅನೇಕರಿಗೆ ಗುಣವಾಗುವುದು. ನಾಚಿಕೆಯಿಂದಲೇ ವರ್ಷಗಟ್ಟಲೆ ನರಳುವವರೂ ಉಂಟು. ಮನೆಯವರಾದರೋ ನಗುವುದನ್ನು ಬಿಟ್ಟು, ಆ ಗೃಹಸ್ಥನ ಪಕ್ಕದಲ್ಲಿ ಕುಳಿತು, ಲಗ್ನದ ಖರ್ಚಿನ ಲೆಕ್ಕವನ್ನು ಅವನೊಡನೆ ಕೂಡಿಯೇ ಹಾಕಬಹುದು.