ಸೂಚನೆಯೋ ಸಂದೇಶವೋ: ‘ಇವೆಂಟ್ ಚಾನೆಲ್’ ಎಂಬ ಪರಿಭಾಷೆಯ ವಿವೇಚನೆ

ಪಾರಿಭಾಷಿಕ ಪದವನ್ನು ಕನ್ನಡಕ್ಕೆ ತರುವಾಗ ಮೂಲಪದದ ಅರ್ಥಕ್ಕಿಂತ ಅದು ನಿರ್ದೇಶಿಸುವ ವಸ್ತುವಿನ ಕಾರ್ಯವು ಮುಖ್ಯವಾಗಬೇಕು. ಝೆನ್ ಹೈಪರ್‌ವೈಸರಿನ ‘ಇವೆಂಟ್ ಚಾನೆಲ್’ ಎಂಬ ಪದವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಪದಶಃ ಕನ್ನಡಿಸಿದರೆ ಇದು ‘ಘಟನಾವಾಹಿನಿ’ಯಾಗುತ್ತದೆ. ಕಿವಿಗೆ ಇಂಪಾದ ಈ ರೂಪವು ವಸ್ತುವಿನ ಸ್ವರೂಪವನ್ನೇ ಮರೆಮಾಡುತ್ತದೆ.

ಒಂದೇ ಗಣಕಯಂತ್ರದಲ್ಲಿ ಹಲವು ಆಪರೇಟಿಂಗ್ ಸಿಸ್ಟಂಗಳು ತಮ್ಮದೇ ಪ್ರತ್ಯೇಕ ಯಂತ್ರಗಳಲ್ಲಿರುವಂತೆ ನಡೆಯಲು ಅವಕಾಶ ಕಲ್ಪಿಸುವ ತಂತ್ರಾಂಶವೇ ಹೈಪರ್‌ವೈಸರ್. ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ರೂಪುಗೊಂಡ ಝೆನ್‌ನ ವಿನ್ಯಾಸವನ್ನು 2003ರ ಸಂಶೋಧನ ಪ್ರಬಂಧವೊಂದು ವಿವರಿಸಿತು. (ಇಂಗ್ಲಿಷಿನಲ್ಲಿ ‘ಎಕ್ಸ್’ ಅಕ್ಷರದಿಂದ ಬರೆಯುವ ಈ ಹೆಸರಿನ ಶ್ಲೇಷೆ ಕನ್ನಡ ಲಿಪಿಯಲ್ಲಿ ಅಳಿಸಿಹೋಗುತ್ತದೆ.) ಇಲ್ಲಿ ಪ್ರತಿಯೊಂದು ವರ್ಚುವಲ್ ಮಷೀನಿಗೂ ‘ಡೊಮೈನ್’ ಎಂದು ಹೆಸರು.

ಒಂದು ಡೊಮೈನ್ ಇನ್ನೊಂದನ್ನು ಎಚ್ಚರಿಸಬೇಕಾದಾಗ ಹೈಪರ್‌ವೈಸರಿಗೆ ಕೋರಿಕೆ ಸಲ್ಲಿಸುತ್ತದೆ. ಹೈಪರ್‌ವೈಸರ್ ಸ್ವೀಕರಿಸುವ ಡೊಮೈನಿನ ‘ಪೋರ್ಟ್’ ಸಂಖ್ಯೆಗೆ ಮೀಸಲಾದ ಒಂದು ಬಿಟ್ಟನ್ನು 1 ಎಂದು ಗುರುತಿಸುತ್ತದೆ. ಅಷ್ಟೇ. ಏನಾಯಿತು, ಎಷ್ಟು ಬಾರಿ ಆಯಿತು ಎಂಬುದನ್ನು ಆ ಬಿಟ್ ಹೇಳುವುದಿಲ್ಲ. ಡಿಸ್ಕಿನ ಕೋರಿಕೆಯಾಗಲಿ ಜಾಲದ ಪ್ಯಾಕೆಟ್ಟಿನ ವಿವರವಾಗಲಿ ಇರುವುದು ಎರಡೂ ಡೊಮೈನುಗಳು ಹಂಚಿಕೊಂಡ ಸ್ಮೃತಿಪುಟದ ‘ರಿಂಗ್’ ಎಂಬ ಚಕ್ರಾಕಾರದ ಸಾಲಿನಲ್ಲಿ. ಅಂಚೆಯವನು ಗಂಟೆ ಬಾರಿಸಿ ಹೋಗುತ್ತಾನೆ. ಕಾಗದಗಳೆಷ್ಟೆಂದು ತಿಳಿಯಲು ಪೆಟ್ಟಿಗೆಯನ್ನೇ ತೆರೆಯಬೇಕು.

ಬಿಟ್ ಈಗಾಗಲೇ 1 ಆಗಿರುವಾಗ ಮತ್ತೊಂದು ಸೂಚನೆ ಬಂದರೆ ಎರಡೂ ಒಂದೇ ಆಗುತ್ತವೆ. ಆದ್ದರಿಂದ ಸ್ವೀಕರಿಸುವವನು ಮೊದಲು ಬಿಟ್ಟನ್ನು ಅಳಿಸಿ, ಅನಂತರ ರಿಂಗ್ ಬರಿದಾಗುವವರೆಗೂ ನೋಡಬೇಕು. ಕ್ರಮ ತಲೆಕೆಳಗಾದರೆ, ನೋಡಿದ ಮೇಲೆ ಅಳಿಸುವ ಮುನ್ನ ಬಂದ ಕೋರಿಕೆಯ ಸೂಚನೆಯೂ ಅಳಿಸಿಹೋಗುತ್ತದೆ. ಕೋರಿಕೆ ಮಾತ್ರ ಮುಂದಿನ ಸೂಚನೆಯವರೆಗೆ ಅಲ್ಲೇ ಕಾದಿರುತ್ತದೆ. ಆ ಮುಂದಿನ ಸೂಚನೆ ಬಾರದಿದ್ದರೆ ವ್ಯವಹಾರವೇ ಸ್ಥಗಿತ. ‘ವಾಹಿನಿ’ ಎಂದು ಓದಿದ ವಿದ್ಯಾರ್ಥಿ ಮೂರು ಘಟನೆಗಳಿಗೆ ಮೂರು ಸೂಚನೆಗಳು ಹರಿದುಬರುತ್ತವೆಂದು ಸಹಜವಾಗಿಯೇ ಭಾವಿಸುತ್ತಾನೆ, ಮೂರನ್ನೂ ಎಣಿಸಲು ಹೊರಡುತ್ತಾನೆ. ಪದದ ದೋಷ ಇಲ್ಲಿ ಕ್ರಮವಿಧಿಯ ದೋಷವಾಗುತ್ತದೆ.

ಮೂಲ ವಿನ್ಯಾಸದಲ್ಲಿ 64 ಬಿಟ್ಟಿನ ಡೊಮೈನಿಗೆ 4096 ಚಾನೆಲುಗಳಿದ್ದವು, 32 ಬಿಟ್ಟಿನದಕ್ಕೆ 1024. ಒಂದು ಪದಘಟಕದ 64 ಬಿಟ್ಟುಗಳು ತಲಾ ಒಂದು ಪದಘಟಕವನ್ನು ನಿರ್ದೇಶಿಸುವುದರಿಂದ ಈ ಮಿತಿ. 2014ರಲ್ಲಿ ಬಂದ ಝೆನ್ 4.4 ಆವೃತ್ತಿಯು ಸರದಿ ಸಾಲಿನ ಹೊಸ ಪದ್ಧತಿಯಿಂದ ಇದನ್ನು 131072ಕ್ಕೆ ಏರಿಸಿತು. ಸರದಿಯಿರುವುದರಿಂದ ‘ವಾಹಿನಿ’ ಈಗ ಸರಿಯಲ್ಲವೇ ಎಂದು ಆಕ್ಷೇಪಿಸಬಹುದು. ಆದರೆ ಸಾಲಿನಲ್ಲಿ ನಿಲ್ಲುವುದು ಪೋರ್ಟುಗಳೇ ಹೊರತು ಘಟನೆಗಳಲ್ಲ. ಸಾಲಿನಲ್ಲಿರುವ ಪೋರ್ಟ್ ಎರಡನೆಯ ಬಾರಿ ಸೇರುವುದಿಲ್ಲ.

ಇದಕ್ಕೆ ಬಳಕೆಯ ‘ಕರೆಗಂಟೆ’ ಹೆಚ್ಚು ಸಮೀಪದ ಪದ. ಚಾನೆಲಿಗೆ ಎರಡು ತುದಿಗಳಿವೆಯೆಂಬ ಅಂಶ ಇದರಲ್ಲಿ ಅಷ್ಟಾಗಿ ಧ್ವನಿಸುವುದಿಲ್ಲವೆಂಬುದು ನಿಜ. ಆದರೆ ಕಾಲಸೂಚಕದಂತಹ ಚಾನೆಲುಗಳಲ್ಲಿ ಆಚೆ ತುದಿಯಲ್ಲಿ ಇನ್ನೊಂದು ಡೊಮೈನೇ ಇರುವುದಿಲ್ಲ. ಅಲ್ಲಿ ಗಂಟೆ ಬಾರಿಸುವುದು ಸ್ವತಃ ಹೈಪರ್‌ವೈಸರ್.