ಹಾವು ಪೊರೆ ಬಿಡುವಾಗ ಕೈ ಹಿಂದಕ್ಕಿರಲಿ

ಮಾಣಿ,

ನೀನು ಶಿಕಾಗೋದಲ್ಲಿ ಹಾವು ಸಾಕಿದ್ದು ನಿನ್ನ ಅಮ್ಮನಿಗೆ ಇನ್ನೂ ಅರಗಿಲ್ಲ. ಅದು ನಾಗರಲ್ಲ, ವಿಷವಿಲ್ಲದ್ದು, ಆಫ್ರಿಕಾ ಕಡೆಯ ಬಾಲ್ ಪೈಥಾನ್ ಎಂದೆ. "ಅದಕ್ಕೂ ದೋಷ ಉಂಟಾ ಅಣ್ಣಾ?" ಎಂದು ಕೇಳಿದಳು. ಬೆನಿನ್ ದೇಶದ ವೀದಾ ಎಂಬ ಊರಲ್ಲಿ ಇದೇ ಜಾತಿಯ ಹಾವಿಗೆ ಗುಡಿಯಿದೆ, ಮನೆಯೊಳಗೆ ಬಂದರೂ ಜನ ಹೊಡೆಯುವುದಿಲ್ಲ, ಎತ್ತಿಕೊಂಡು ಹೋಗಿ ಗುಡಿಗೆ ಬಿಡುತ್ತಾರೆ ಎಂದ ಮೇಲೆ ಸ್ವಲ್ಪ ತಣ್ಣಗಾದಳು. ಅವಳನ್ನು ನನಗೆ ಬಿಡು.

ಈಗ ನಿನ್ನ ಗಾಬರಿಗೆ ಬರುತ್ತೇನೆ. ಊಟ ಬಿಟ್ಟಿದೆ, ಬಣ್ಣ ಮಂಕಾಗಿದೆ, ಕಣ್ಣೆರಡೂ ಹಾಲು ಬೆರೆಸಿದ ಹಾಗೆ ನೀಲಿಗಟ್ಟಿವೆ, ಮುಟ್ಟಹೋದರೆ ಬುಸುಗುಡುತ್ತದೆ ಎಂದು ಬರೆದಿದ್ದೀಯ. ಒಂದೊಂದನ್ನೇ ನೋಡಿದರೆ ಕಾಯಿಲೆಯೇ ಅನ್ನಿಸುತ್ತದೆ. ನಾಲ್ಕೂ ಜೊತೆಯಾಗಿ ಬಂದಿರುವುದರಿಂದಲೇ ನಾನು ನಿಶ್ಚಿಂತೆಯಿಂದಿದ್ದೇನೆ. ನಿನ್ನ ಹಾವು ಪೊರೆ ಬಿಡಲು ಹೊರಟಿದೆ, ಅಷ್ಟೇ.

ಒಳಗೆ ನಡೆಯುವುದನ್ನು ತಿಳಿದುಕೊಂಡರೆ ಅರ್ಧ ಭಯ ಹೋಗುತ್ತದೆ. ಹಳೆಯ ಚರ್ಮದ ಅಡಿಯಲ್ಲಿ ಹೊಸದು ತಯಾರಾಗುತ್ತದೆ. ಎರಡೂ ಬೇರೆಯಾಗಲೆಂದು ನಡುವೆ ತೆಳ್ಳಗಿನ ದ್ರವ ಸೇರುತ್ತದೆ. ಹಾವಿಗೆ ರೆಪ್ಪೆಯಿಲ್ಲ, ಕಣ್ಣಿನ ಮೇಲಿರುವುದು ಒಂದು ಪಾರದರ್ಶಕ ಹುರುಪೆ. ಅದೂ ಪೊರೆಯ ಜೊತೆಗೇ ಕಳಚಬೇಕು. ಆ ಹುರುಪೆಯ ಕೆಳಗೂ ದ್ರವ ಸೇರುವುದರಿಂದ ಕಣ್ಣು ಮಸುಕಾಗುತ್ತದೆ. ಸರಿಯಾಗಿ ಕಾಣದ ಪ್ರಾಣಿ ಮೂಲೆ ಹಿಡಿಯುತ್ತದೆ, ಮೇಲಿಂದ ಬರುವ ಕೈಯನ್ನು ಶತ್ರುವೆಂದೇ ಎಣಿಸುತ್ತದೆ. ಅದರ ಸಿಟ್ಟನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಮುಂದಿನ ಸಲ ಇನ್ನೂ ಮೊದಲೇ ಸುಳಿವು ಸಿಗುತ್ತದೆ. ಬಾಲ್ ಪೈಥಾನಿನ ಬಿಳಿಯ ಹೊಟ್ಟೆ ಮೊದಲು ತುಸು ಗುಲಾಬಿಗೆ ತಿರುಗುತ್ತದೆ. ಆಮೇಲೆ ಮೈ ಮಂಕಾಗುತ್ತದೆ, ಕಣ್ಣು ನೀಲಿಯಾಗುತ್ತದೆ. ಹೊಸಬರು ಎಡವುವುದು ಇದಾದ ಮೇಲೆ. ಕೆಲವು ದಿನಕ್ಕೆ ಕಣ್ಣು ಮತ್ತೆ ತಿಳಿಯಾಗುತ್ತದೆ, ಪೊರೆ ಮಾತ್ರ ಬಂದಿರುವುದಿಲ್ಲ. "ಪೊರೆ ಸಿಕ್ಕಿಹಾಕಿಕೊಂಡಿತು" ಎಂದುಕೊಂಡು ಉಗುರಿನಿಂದ ಕೆರೆಯಲು ಹೊರಡುತ್ತಾರೆ. ಅದು ಸಿಕ್ಕಿಕೊಂಡಿಲ್ಲ, ಕ್ರಮವೇ ಹಾಗೆ. ಕಣ್ಣು ತಿಳಿಯಾದ ಕೆಲವೇ ದಿನಗಳಲ್ಲಿ ಪೊರೆ ಬರುತ್ತದೆ. ಮೊದಲಿಂದ ಕೊನೆಯವರೆಗೆ ಒಂದೆರಡು ವಾರ ಹಿಡಿಯಬಹುದು. ಅಷ್ಟು ದಿನ ಇಲಿ ಕೊಡಬೇಡ, ಎತ್ತಿ ಆಡಿಸಬೇಡ. ಗೆಳೆಯರಿಗೆ ತೋರಿಸುವ ಉಮೇದನ್ನೂ ಕಟ್ಟಿಡು.

ಪೊರೆ ಬಿಡುವ ಹೊತ್ತಿಗೆ ಅದು ಮೂತಿಯನ್ನು ಒರಟು ಜಾಗಕ್ಕೆ ಉಜ್ಜುತ್ತದೆ. ತೊಗಟೆಯ ತುಂಡೋ ಒಂದು ಕಲ್ಲೋ ಒಳಗಿದ್ದರೆ ಸಾಕು. ತುಟಿಯ ಅಂಚಿನಲ್ಲಿ ಪೊರೆ ಬಿರಿಯುತ್ತದೆ, ಅಲ್ಲಿಂದ ಒದ್ದೆ ಕಾಲುಚೀಲ ಎಳೆದ ಹಾಗೆ ಒಳಗು ಹೊರಗಾಗಿ ಬಾಲದವರೆಗೂ ಕಳಚುತ್ತದೆ. ಬಹಳ ಸಲ ರಾತ್ರಿಯೇ ಮುಗಿದಿರುತ್ತದೆ, ಬೆಳಿಗ್ಗೆ ನಿನಗೆ ಸಿಗುವುದು ಪೊರೆ ಮಾತ್ರ. ಅಳೆದರೆ ಹಾವಿಗಿಂತ ಉದ್ದ ಬರುತ್ತದೆ. ಹುರುಪೆಗಳ ನಡುವಿನ ಮಡಿಕೆಗಳೂ ಬಿಚ್ಚಿಕೊಂಡಿರುತ್ತವೆ, ಹಿಗ್ಗಿಯೂ ಇರುತ್ತದೆ. ಹಾವು ರಾತ್ರೋರಾತ್ರಿ ಬೆಳೆಯಿತೆಂದು ಅಮ್ಮನಿಗೆ ಫೋನ್ ಮಾಡಬೇಡ, ಅವಳು ನಂಬಿಬಿಡುತ್ತಾಳೆ.

ನಿನ್ನ ಪಾಲಿನ ಕೆಲಸವೆಂದರೆ ತೇವ ನೋಡಿಕೊಳ್ಳುವುದು. ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ಉಪ್ಪಿನಕಾಯಿಗೂ ಬೂಸ್ಟು ಬರುತ್ತದೆ; ನಿಮ್ಮಲ್ಲಿ ಚಳಿಗಾಲಕ್ಕೆ ಹೀಟರ್ ಹಾಕಿದರೆ ಮನೆಯ ಗಾಳಿ ಒಣಗಿ ಹೋಗುತ್ತದೆ. ಪೊರೆ ಚೂರುಚೂರಾಗಿ ಬರುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ತೇವಾಂಶ ಅಳೆಯುವ ಮೀಟರ್ ಒಂದನ್ನು ತಂದಿಡು. ಶೇ. 60ರ ಆಸುಪಾಸು ಇರಲಿ, ಕಣ್ಣು ನೀಲಿಯಾದ ಮೇಲೆ 70ರವರೆಗೆ ಏರಿದರೂ ಅಡ್ಡಿಯಿಲ್ಲ. ಮುಚ್ಚಳವಿರುವ ಡಬ್ಬಿಗೆ ಹಾವು ನುಗ್ಗುವಷ್ಟು ತೂತು ಕೊರೆದು, ಹಿಂಡಿದ ಒದ್ದೆ ಪಾಚಿ ತುಂಬಿ ಒಳಗಿಡು. ಬೇಕೆನ್ನಿಸಿದಾಗ ತಾನೇ ಹೋಗಿ ಕೂರುತ್ತದೆ. ಇಡೀ ಗೂಡಿಗೆ ನೀರು ಚಿಮುಕಿಸಿ ನೆಲ ಸದಾ ಒದ್ದೆಯಾಗಿಟ್ಟರೆ ಹೊಟ್ಟೆಯ ಹುರುಪೆ ಕೊಳೆಯುತ್ತದೆ, ಅದು ಬೇರೆ ಫಜೀತಿ.

ಪೊರೆ ಸಿಕ್ಕ ಕೂಡಲೇ ಎಸೆಯಬೇಡ. ಬೆಳಕಿಗೆ ಹಿಡಿದು ಎರಡು ಜಾಗ ನೋಡು. ತಲೆಯ ಭಾಗದಲ್ಲಿ ಎರಡೂ ಕಣ್ಣಿನ ದುಂಡು ಹುರುಪೆ ಬಂದಿದೆಯೇ? ಬಾಲದ ತುದಿ ಚೂಪಾಗಿ ಪೂರ್ತಿ ಬಂದಿದೆಯೇ? ಬಾಲದಲ್ಲಿ ಉಳಿದ ಪೊರೆ ಒಣಗಿ ಬಿಗಿಯುತ್ತದೆ, ರಕ್ತ ಓಡದೆ ತುದಿ ಸಾಯುತ್ತದೆ. ಅಲ್ಲಲ್ಲಿ ಚೂರು ಅಂಟಿದ್ದರೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಟವೆಲ್ಲಿನೊಳಗೆ ಹಾವನ್ನು ಹರಿದಾಡಲು ಬಿಡು, ಉಜ್ಜಾಟಕ್ಕೆ ಅದೇ ಬಿಡಿಸಿಕೊಳ್ಳುತ್ತದೆ. ತೆಂಗಿನೆಣ್ಣೆ ಹಚ್ಚು ಎಂದು ಊರಿಂದ ಸಲಹೆ ಬಂದೇ ಬರುತ್ತದೆ, ಕೇಳಬೇಡ. ಕಣ್ಣಿನ ಹುರುಪೆ ಉಳಿದಿದ್ದರೆ ಚಿಮಟ ಮುಟ್ಟಲೇಬೇಡ. ಕೆಳಗಿನ ಹೊಸ ಹುರುಪೆಯೂ ಕಿತ್ತು ಬಂದರೆ ಕಣ್ಣೇ ಹೋಗುತ್ತದೆ. ತೇವ ಹೆಚ್ಚಿಸಿ ಮುಂದಿನ ಪೊರೆಯವರೆಗೆ ಕಾಯಿ, ಆಗಲೂ ಬರದಿದ್ದರೆ ಸರೀಸೃಪಗಳನ್ನು ನೋಡುವ ವೈದ್ಯರ ಹತ್ತಿರ ಹೋಗು.

ಪೊರೆಯ ಲೆಕ್ಕಕ್ಕೆ ಸೇರದ ಸಂಗತಿಗಳೂ ಇವೆ. ಒಂದೇ ಕಣ್ಣು ಮಸುಕಾದರೆ ಅದು ಗಾಯವೋ ಸೋಂಕೋ ಇರಬಹುದು. ಬಾಯಿ ತೆರೆದು ಉಸಿರಾಡುವುದು, ಮೂಗಲ್ಲಿ ಗುಳ್ಳೆ, ಗೊರಗೊರ ಸದ್ದು ಶ್ವಾಸಕೋಶದ ತೊಂದರೆಯವು. ನೀರಿನ ಬಟ್ಟಲಲ್ಲಿ ಕರಿ ಚುಕ್ಕೆಗಳಂಥ ಹುಳ ತೇಲಿದರೆ ಅವು ರಕ್ತ ಹೀರುವ ನುಸಿ. ಇವಕ್ಕೆ ವಾರ ಕಾಯುತ್ತ ಕೂರಬಾರದು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆ, ಸರೀಸೃಪಗಳ ಮೈಮೇಲೆ ಸಾಲ್ಮೊನೆಲ್ಲಾ ಇರುತ್ತದೆ. ಎಳೆಮಕ್ಕಳಿರುವ ಮನೆಗೆ ಹಾವನ್ನು ಒಯ್ಯಬೇಡ.

ಇನ್ನೊಂದು ಮಾತು. ರಜೆಗೆ ಊರಿಗೆ ಬಂದಾಗ ತೋಟದ ಪಾಗಾರದಲ್ಲಿ ಪೊರೆ ಬಂದ ಹಾವು ಕಂಡರೆ ಈ ವಿದ್ಯೆಯನ್ನು ಅಲ್ಲಿ ತೋರಿಸಲು ಹೋಗಬೇಡ. ನಮ್ಮ ಹೆಬ್ಬಾವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಹಿಡಿದು ಸಾಕುವಂತಿಲ್ಲ. ಅಲ್ಲಿರುವುದು ನಾಗರ ಅಥವಾ ಕನ್ನಡಿಹಾವಾದರೆ ಕಾಯ್ದೆಯವರೆಗೂ ಹೋಗಬೇಕಿಲ್ಲ, ದೂರವಿರಲು ಅದರ ವಿಷವೇ ಸಾಕಷ್ಟು ಕಾರಣ.

ಒಂದು ನೋಟುಬುಕ್ಕು ಇಟ್ಟುಕೋ. ಹೊಟ್ಟೆ ಗುಲಾಬಿಯಾದ ದಿನ, ಕಣ್ಣು ತಿಳಿಯಾದ ದಿನ, ಪೊರೆ ಬಂದ ದಿನ, ಇಡಿಯಾಗಿ ಬಂತೋ ಚೂರಾಗಿ ಬಂತೋ, ಎಲ್ಲ ಬರೆದಿಡು. ನಿನ್ನ ಹಾವು ಇನ್ನೂ ಮರಿಯಾದ್ದರಿಂದ ಪೊರೆ ನಾಲ್ಕರಿಂದ ಆರು ವಾರಕ್ಕೊಮ್ಮೆ ಬರುತ್ತಿರುತ್ತದೆ, ಬೆಳೆದ ಮೇಲೆ ವರ್ಷಕ್ಕೆ ಕೆಲವೇ ಸಲ. ಈ ಬಾರಿಯ ಪೊರೆ ಮುಗಿದ ಮೇಲೆ ಒಂದೆರಡು ದಿನ ಬಿಟ್ಟು ಇಲಿ ಕೊಟ್ಟು ನೋಡು, ತಿಂದಿತೋ ಇಲ್ಲವೋ ನನಗೆ ತಿಳಿಸು.

ನಿನ್ನ ಮಾವ