ಜಾಲತಾಣ ರಚಿಸುವವನ ಸ್ವಂತ ತಾಣ

ಆದೋನಿಯ ಮಾರುಕಟ್ಟೆಗೆ ಹತ್ತಿ ಕೊಳ್ಳಲು ಬಂದ ವ್ಯಾಪಾರಿಯು ಕೇವಲ ಮಾತನ್ನು ನಂಬಿ ಬೆಲೆ ಕಟ್ಟುವುದಿಲ್ಲ. ರಾಶಿಯಿಂದ ಒಂದು ಹಿಡಿ ತೆಗೆದು, ಎಳೆಯ ಉದ್ದವನ್ನೂ ಶುಭ್ರತೆಯನ್ನೂ ಪರೀಕ್ಷಿಸಿದ ಬಳಿಕವೇ ಬೆಲೆ ಹೇಳುತ್ತಾನೆ. ಯಾವ ಕಚೇರಿಯ ನೌಕರನೂ ಆಗದೆ, ಕೋಸಗಿಯಂತಹ ಊರಿನಲ್ಲಿಯೇ ಕುಳಿತು ಪರರಿಗೆ ಜಾಲತಾಣಗಳನ್ನು ರಚಿಸಿಕೊಟ್ಟು ಜೀವಿಸಬಯಸುವ ತರುಣನಿಗೆ ಅವನ ಸ್ವಂತ ತಾಣವೇ ಆ ಒಂದು ಹಿಡಿ ಹತ್ತಿ. ಅದನ್ನು ತಿದ್ದಿಕೊಳ್ಳುವ ಬಗೆಯನ್ನು ನಮ್ಮ ವಿದ್ಯಾರ್ಥಿಗಳಿಗಾಗಿ ಇಲ್ಲಿ ವಿವೇಚಿಸುವೆವು.

ಮೊದಲನೆಯದು ಮುಖಪುಟ. ಹಲವರ ತಾಣಗಳಲ್ಲಿ ಮೊದಲು ಕಾಣುವುದು ಆತ್ಮಪ್ರಶಂಸೆ. ಬಳಿಕ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಎಂದು ತಾವು ಬಲ್ಲ ವಿದ್ಯೆಗಳ ಪಟ್ಟಿ. ಕೆಲಸ ಕೊಡಬಂದ ಅಂಗಡಿಕಾರನಿಗೆ ಇವು ಏನನ್ನೂ ತಿಳಿಸವು. 'ಅಂಗಡಿಗಳಿಗೂ ವಸತಿಗೃಹಗಳಿಗೂ ಕನ್ನಡ, ತೆಲುಗು, ಇಂಗ್ಲಿಷುಗಳಲ್ಲಿ ಜಾಲತಾಣ ರಚಿಸಿಕೊಡುತ್ತೇನೆ' ಎಂಬ ಒಂದೇ ವಾಕ್ಯವು ಆ ಪಟ್ಟಿಗಿಂತ ಉಪಯುಕ್ತವಾದುದು.

ಎರಡನೆಯದು ಮಾದರಿಗಳು. ಹತ್ತು ಅರೆಬರೆ ಕೆಲಸಗಳಿಗಿಂತ ಮೂರು ಚೊಕ್ಕವಾದ ಕೆಲಸಗಳು ಲೇಸು. ಚಿತ್ರಗಳನ್ನು ಮಾತ್ರ ಇರಿಸದೆ, ಗ್ರಾಹಕನ ಅಗತ್ಯವೇನಿತ್ತು, ತಾನು ಮಾಡಿದುದೇನು, ಫಲವೇನಾಯಿತು ಎಂಬ ಮೂರನ್ನೂ ಬರೆಯಬೇಕು. ಮಂತ್ರಾಲಯದ ವಸತಿಗೃಹವೊಂದನ್ನು ಊಹಿಸಿಕೊಳ್ಳೋಣ. ಕರ್ನಾಟಕದಿಂದ ಬರುವ ಯಾತ್ರಿಕನು ರೈಲಿನಲ್ಲಿರುವಾಗಲೇ ಕೋಣೆಯ ಬಾಡಿಗೆಯನ್ನೂ, ಮಂತ್ರಾಲಯ ರೋಡ್ ನಿಲ್ದಾಣದಿಂದ ಬರುವ ದಾರಿಯನ್ನೂ ತನ್ನ ಭಾಷೆಯಲ್ಲಿ ತಿಳಿಯಬಯಸುವನು. ಈ ಅಗತ್ಯವನ್ನು ಪೂರೈಸಿದ ಬಗೆಯನ್ನು ವಿವರಿಸಿದರೆ, ಓದಿದ ಇನ್ನೊಬ್ಬ ಮಾಲಿಕನಿಗೂ ನಂಬಿಕೆ ಹುಟ್ಟುತ್ತದೆ. ಇನ್ನೂ ಕೆಲಸ ದೊರೆಯದವನು ಇಂಥದೊಂದನ್ನು ತಾನೇ ರಚಿಸಿ, 'ಇದು ಅಭ್ಯಾಸದ ಮಾದರಿ' ಎಂದು ಸ್ಪಷ್ಟವಾಗಿ ಬರೆಯಲಿ. ಇಲ್ಲದ ಗ್ರಾಹಕನನ್ನು ಇರುವನೆಂದು ಹೇಳುವುದು, ತೂಕ ಹೆಚ್ಚಿಸಲು ಹತ್ತಿಗೆ ನೀರು ಚಿಮುಕಿಸಿದಂತೆ.

ಮೂರನೆಯದು ವೇಗ. ಗೂಗಲ್ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾನದಂಡದಂತೆ ಪುಟದ ಮುಖ್ಯಭಾಗವು 2.5 ಸೆಕೆಂಡುಗಳೊಳಗೆ ಕಾಣಬೇಕು. ಭಾರವಾದ ಚಿತ್ರಗಳನ್ನು ಕುಗ್ಗಿಸಿ, ಕಡಿಮೆ ಬೆಲೆಯ ಮೊಬೈಲಿನಲ್ಲಿ ತಾಣವನ್ನು ತೆರೆದು ಪರೀಕ್ಷಿಸಬೇಕು. ತನ್ನ ತಾಣವೇ ತಡವಾಗಿ ತೆರೆಯುವವನಿಗೆ ಇತರರು ತಮ್ಮ ತಾಣವನ್ನು ಒಪ್ಪಿಸುವರೆ?

ನಾಲ್ಕನೆಯದು ಭಾಷೆ, ನಮ್ಮ ಪಾಲಿಗೆ ಇದೇ ಮುಖ್ಯ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರ ರಾಜ್ಯಕ್ಕೆ ಸೇರಿದವು. ಅಂದಿನಿಂದ ಈ ಗಡಿನಾಡಿನ ಕನ್ನಡ ಮಕ್ಕಳಿಗೆ ಎರಡು ಭಾಷೆಗಳೊಡನೆ ಬಾಳುವುದು ಅನಿವಾರ್ಯವಾಯಿತು. ಕನ್ನಡ ಮಾಧ್ಯಮದಲ್ಲಿ ಓದಿದುದನ್ನು ಕೊರತೆಯೆಂದು ಮರೆಮಾಚುವ ತರುಣರುಂಟು. ಆದರೆ ಎರಡು ರಾಜ್ಯಗಳ ಗಿರಾಕಿಗಳುಳ್ಳ ವ್ಯಾಪಾರಿಗೆ ಎರಡೂ ಭಾಷೆಗಳಲ್ಲಿ ತಪ್ಪಿಲ್ಲದೆ ಬರೆಯಬಲ್ಲವನೇ ಬೇಕು. ಆದುದರಿಂದ ತಾಣವು ಕನ್ನಡ, ತೆಲುಗುಗಳಲ್ಲಿಯೂ ಇರಲಿ. ಅಕ್ಷರಗಳು ಯೂನಿಕೋಡ್‌ನಲ್ಲಿರಲಿ. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಅದರಲ್ಲಿ ಸ್ಥಾನ ದೊರೆತಿದೆ. ಹಳೆಯ ವಿಧಾನದ ಅಕ್ಷರಶೈಲಿಗಳಲ್ಲಿ ಬರೆದುದು, ಆ ಶೈಲಿಯಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗುವುದು, ಹುಡುಕುವವರಿಗೂ ಸಿಗದು.

ಕೊನೆಯದಾಗಿ, ದೂರವಾಣಿ ಸಂಖ್ಯೆ, ಕೆಲಸಕ್ಕೆ ಹಿಡಿಯುವ ಅವಧಿ, ಪ್ರತಿಫಲದ ಅಂದಾಜು ಇವು ಎಲ್ಲ ಪುಟಗಳಲ್ಲಿಯೂ ಸುಲಭವಾಗಿ ಕಾಣುವಂತಿರಲಿ. ಗ್ರಾಹಕನ ಹೆಸರನ್ನು ಅವನ ಅನುಮತಿ ಪಡೆದೇ ಪ್ರಕಟಿಸಬೇಕು.

ವಿದ್ಯಾರ್ಥಿಗಳೇ, ಜೀವನೋಪಾಯಕ್ಕಾಗಿ ದೂರದ ನಗರಗಳಿಗೆ ಹೋಗುವವರಿಗೆ ನಮ್ಮ ಹಾರೈಕೆಯುಂಟು. ಊರಿನಲ್ಲಿಯೇ ನಿಲ್ಲಬಯಸುವವರಿಗೂ ಈಗ ಒಂದು ದಾರಿಯಿದೆ. ಶಾಲೆಯಲ್ಲಿ ಕಲಿತ ಶುದ್ಧ ಬರವಣಿಗೆಯೂ ಪ್ರಾಮಾಣಿಕತೆಯೂ ಆ ದಾರಿಗೆ ಬೇಕಾದ ಬಂಡವಾಳದ ದೊಡ್ಡ ಪಾಲು. ಉಳಿದುದನ್ನು ಅಭ್ಯಾಸದಿಂದ ಗಳಿಸಿರಿ.